ತುಂತುರು ಹನಿಯ ತಂಪು

ಬೆಂಗಳೂರು ನಗರದ ಉತ್ತರ ಭಾಗದಲ್ಲಿ ಸಂಜಯನಗರವೆಂಬ ಬಡಾವಣೆಯೊಂದಿದೆ. ಬೆಳಗಿನ ಹೊತ್ತು ಅಲ್ಲಿನ ಮುಖ್ಯರಸ್ತೆಯ ಯಾವ ಉಪಾಹಾರ ಮಂದಿರದ ಮುಂದೆ ನಿಂತರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಅಗಲವಾದ ಕಬ್ಬಿಣದ ಕಾವಲಿಯ ಮುಂದೆ ನಿಂತ ಬಾಣಸಿಗನು ಬೆಂದ ದೋಸೆಗಳನ್ನೆಲ್ಲ ಎತ್ತಿಯಾದ ಮೇಲೆ ಚೊಂಬಿನಿಂದ ಒಂದಿಷ್ಟು ನೀರನ್ನು ಕಾವಲಿಯ ಮೇಲೆ ಎರಚುತ್ತಾನೆ. ‘ಚೊಂಯ್’ ಎಂಬ ಸದ್ದಿನೊಡನೆ ಬಿಳಿಯ ಹಬೆ ಮೇಲೇಳುತ್ತದೆ. ಉಳಿದ ನೀರನ್ನು ಕಡ್ಡಿಪೊರಕೆಯಿಂದ ಬಳಿದುಹಾಕಿ, ಮರುಕ್ಷಣವೇ ಮುಂದಿನ ಸಾಲು ದೋಸೆಗಳಿಗೆ ಹಿಟ್ಟು ಹುಯ್ಯುತ್ತಾನೆ. ನೀರೆರಚದೆ ಹಿಟ್ಟು ಹುಯ್ದರೆ ಏನಾಗುವುದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಕಾವು ಮಿತಿಮೀರಿದ ಕಾವಲಿಯ ಮೇಲೆ ಹಿಟ್ಟು ಹರಡುವ ಮೊದಲೇ ಬೆಂದು ಮುದ್ದೆಯಾಗುತ್ತದೆ, ಹರಡಿದರೂ ಸೀದುಹೋಗುತ್ತದೆ.

ಒಂದೆರಡು ಕ್ಷಣಗಳಲ್ಲಿ ಮುಗಿದುಹೋಗುವ ಈ ಕೆಲಸವನ್ನು ನೋಡಿಯೂ ನೋಡದಂತೆ ನಾವು ಮುಂದೆ ಸಾಗುತ್ತೇವೆ. ಆದರೆ ಅದರಲ್ಲಿ ಅಡಗಿರುವ ತತ್ತ್ವ ಸಾಮಾನ್ಯವಾದುದಲ್ಲ. ಸುಡುವ ಮೇಲ್ಮೈಯೊಂದನ್ನು ಅತಿ ಶೀಘ್ರವಾಗಿ, ಅತಿ ಸ್ವಲ್ಪ ದ್ರವದಿಂದ ತಣಿಸುವುದು ಹೇಗೆ ಎಂಬ ಪ್ರಶ್ನೆಗೆ ಕಾವಲಿಯ ಮೇಲಿನ ಆ ಹಬೆಯೇ ಉತ್ತರ. ಇದೇ ಪ್ರಶ್ನೆಯನ್ನು ಇಂದು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ವಿಜ್ಞಾನಿಗಳು ತಮಗೆ ತಾವೇ ಹಾಕಿಕೊಂಡಿದ್ದಾರೆ. ಅವರ ಮುಂದಿರುವುದು ದೋಸೆಯ ಕಾವಲಿಯಲ್ಲ. ಉಗುರಿನಗಲದ ಸಿಲಿಕಾನ್ ಬಿಲ್ಲೆ.

ಸಂಜಯನಗರದ ಸುತ್ತಮುತ್ತ ಇಂಥ ಬಿಲ್ಲೆಗಳನ್ನು ನೆಚ್ಚಿಕೊಂಡ ಸಂಸ್ಥೆಗಳಿಗೆ ಕೊರತೆಯಿಲ್ಲ. ಬಡಾವಣೆಗೆ ಹೊಂದಿಕೊಂಡಂತೆ ಸಾಗುವ ನ್ಯೂ ಬಿ.ಇ.ಎಲ್. ರಸ್ತೆಯಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಕೇಂದ್ರ ಕಛೇರಿಯಾದ ಅಂತರಿಕ್ಷ ಭವನವಿದೆ. ಆ ರಸ್ತೆಗೆ ಹೆಸರು ಕೊಟ್ಟ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1954ರಲ್ಲಿ ಸ್ಥಾಪಿತವಾಗಿ, ಜಾಲಹಳ್ಳಿಯಲ್ಲಿ ಬೆಳೆದು, ರೇಡಿಯೋ ಮತ್ತು ರೇಡಾರ್ ಯಂತ್ರಗಳನ್ನು ದೇಶಕ್ಕೆ ಒದಗಿಸುತ್ತ ಬಂದಿದೆ. ಇನ್ನೊಂದು ದಿಕ್ಕಿನಲ್ಲಿ, ಮರಗಳ ನೆರಳಿನಲ್ಲಿ, 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆ ನಿಂತಿದೆ. ಉಪಗ್ರಹವಿರಲಿ, ರೇಡಾರ್ ಇರಲಿ, ಮಹಾಗಣಕವಿರಲಿ, ಈ ಮೂರರ ಒಳಗೂ ಕುಳಿತಿರುವ ಒಬ್ಬನೇ ವೈರಿಯೆಂದರೆ ಶಾಖ.

ವಿದ್ಯುತ್ತು ಹರಿಯುವ ತಂತಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಇಸ್ತ್ರಿಪೆಟ್ಟಿಗೆಯಲ್ಲಿ ಆ ಬಿಸಿಯೇ ನಮಗೆ ಬೇಕಾದ ಫಲ. ಆದರೆ ಗಣಕಯಂತ್ರದಲ್ಲಿ ಬೇಕಾದುದು ಲೆಕ್ಕ. ಬಿಸಿಯು ಬೇಡದೆ ಬಂದ ಅತಿಥಿ. ಗಣಕದ ಬಿಲ್ಲೆಯೊಳಗೆ ಟ್ರಾನ್ಸಿಸ್ಟರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳು ಕೋಟಿಗಟ್ಟಲೆ ಇವೆ. ಅವು ಪ್ರತಿ ಸೆಕೆಂಡಿಗೆ ನೂರಾರು ಕೋಟಿ ಸಲ ತೆರೆದು ಮುಚ್ಚುತ್ತವೆ. ಒಂದೊಂದು ಸಲವೂ ಎಳ್ಳಿನ ಸಾವಿರದ ಒಂದು ಪಾಲಿಗಿಂತ ಅಲ್ಪವಾದ ಶಕ್ತಿ ವ್ಯಯವಾಗುತ್ತದೆ. ಶಕ್ತಿಯು ನಾಶವಾಗದು, ರೂಪಾಂತರವನ್ನಷ್ಟೇ ಹೊಂದುವುದು ಎಂಬುದು ಪ್ರಕೃತಿಯ ನಿಯಮ. ಆದುದರಿಂದ ಯಂತ್ರವು ನುಂಗಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಹೊರಬರಲೇಬೇಕು.

ಈ ಶಾಖದ ತೀವ್ರತೆಯನ್ನು ಅರಿಯಲು ಒಂದು ಹೋಲಿಕೆ ನೆರವಾದೀತು. ನಡುಮಧ್ಯಾಹ್ನದ ಬಿಸಿಲು ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಸುರಿಯುವ ಶಕ್ತಿ ಸುಮಾರು ಒಂದು ವಾಟಿನ ಹತ್ತನೆಯ ಒಂದು ಪಾಲು. ಅಷ್ಟಕ್ಕೇ ಅಂಗಾಲು ಸುಡುತ್ತದೆ. 1000 ವಾಟಿನ ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಆರೇಳು ವಾಟು ಹೊಮ್ಮುತ್ತದೆ. ಇಂದಿನ ಬಲಶಾಲಿ ಗಣಕ ಬಿಲ್ಲೆಗಳಲ್ಲಿ ಅದೇ ಅಳತೆಯ ಜಾಗದಿಂದ ನೂರು ವಾಟಿನಷ್ಟು ಶಾಖ ಹೊರಡುವುದುಂಟು. ರೇಡಾರಿನ ಶಕ್ತಿವರ್ಧಕಗಳಲ್ಲಿ, ಲೇಸರ್ ದೀಪಗಳಲ್ಲಿ ಅದು ಇನ್ನೂ ಹಲವು ಮಡಿ ಹೆಚ್ಚು. ಇಸ್ತ್ರಿಪೆಟ್ಟಿಗೆಯಾದರೋ ಬಟ್ಟೆ ಸುಡುವಷ್ಟು ಕಾಯಲು ಸ್ವತಂತ್ರವಾಗಿದೆ. ಗಣಕದ ಬಿಲ್ಲೆಗೆ ಆ ಸ್ವಾತಂತ್ರ್ಯವಿಲ್ಲ. ಅದರ ಉಷ್ಣತೆ ಸಾಮಾನ್ಯವಾಗಿ ನೀರಿನ ಕುದಿಬಿಂದುವಿನ ಕೆಳಗೇ ಇರಬೇಕು. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ವಿದ್ಯುನ್ಮಾನ ಭಾಗಗಳ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದೆಂಬುದು ತಂತ್ರಜ್ಞರು ಬಹುಕಾಲದಿಂದ ಬಳಸುವ ಸ್ಥೂಲ ಸೂತ್ರ. ತಣಿಸಲು ಶಕ್ತವಾದಷ್ಟೇ ಲೆಕ್ಕ ಮಾಡಬಲ್ಲೆವು ಎಂಬಂತಾಗಿದೆ ಇಂದಿನ ಯಂತ್ರಗಳ ಪಾಡು.

ಶಾಖವನ್ನು ಹೊರಗಟ್ಟಲು ಮೊದಲು ಬಳಕೆಗೆ ಬಂದ ಉಪಾಯ ಗಾಳಿ. ಮನೆಯ ಗಣಕದೊಳಗೆ ಗುಂಯ್ಗುಡುವ ಪುಟ್ಟ ಬೀಸಣಿಗೆ ಮಾಡುವುದು ಅದೇ ಕೆಲಸ. ಆದರೆ ಗಾಳಿಯು ಹಗುರವಾದ ವಸ್ತು. ಅದು ಹೊತ್ತೊಯ್ಯಬಲ್ಲ ಹೊರೆ ಚಿಕ್ಕದು. ಅನಂತರದ ಉಪಾಯ ನೀರು. ಬಿಲ್ಲೆಗೆ ತಾಮ್ರದ ಫಲಕವನ್ನು ಒತ್ತಿ, ಅದರೊಳಗಿನ ಕೊಳವೆಗಳಲ್ಲಿ ನೀರು ಹರಿಸಿದರೆ ಶಾಖವು ಆ ನೀರಿನೊಡನೆ ಹರಿದುಹೋಗುತ್ತದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಶಾಖ ಹೀರಿದ ನೀರು ಮುಂದೆ ಮುಂದೆ ಹೋದಂತೆ ತಾನೇ ಬಿಸಿಯಾಗುತ್ತದೆ. ಕೊಳವೆಯ ಮೊದಲಲ್ಲಿ ಸಿಕ್ಕ ತಂಪು ತುದಿಯಲ್ಲಿ ಸಿಕ್ಕುವುದಿಲ್ಲ. ಉಷ್ಣತೆಯನ್ನು ಏರಿಸಿಕೊಳ್ಳದೆಯೇ ಶಾಖವನ್ನು ನುಂಗಬಲ್ಲ ವಸ್ತು ಯಾವುದಾದರೂ ಇದೆಯೇ?

ಇದೆ. ಆವಿಯಾಗುತ್ತಿರುವ ದ್ರವವೇ ಅದು. ಒಲೆಯ ಮೇಲಿಟ್ಟ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಒಲೆ ಕೊಟ್ಟ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲೇ ಮುಗಿದುಹೋಗುತ್ತದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1760ರ ದಶಕದಲ್ಲಿ ಈ ಸಂಗತಿಯನ್ನು ಪರೀಕ್ಷಿಸಿ, ಹೀಗೆ ಮರೆಯಾಗುವ ಶಾಖವನ್ನು ಗುಪ್ತೋಷ್ಣವೆಂದು ಗುರುತಿಸಿದನು. ಒಂದು ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ನೂರು ಡಿಗ್ರಿಗೆ ಏರಿಸಲು 100 ಕ್ಯಾಲೊರಿ ಶಾಖ ಸಾಕು. ಅದೇ ನೀರನ್ನು ನೂರು ಡಿಗ್ರಿಯಲ್ಲೇ ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಒಂದು ತೊಟ್ಟು ನೀರಿನಲ್ಲಿ ಶಾಖವನ್ನು ನುಂಗುವ ಇಷ್ಟು ದೊಡ್ಡ ಹಸಿವು ಅಡಗಿದೆ.

ನಮ್ಮ ಹಿರಿಯರು ಈ ಹಸಿವನ್ನು ಲೆಕ್ಕವಿಲ್ಲದೆಯೇ ಬಲ್ಲವರಾಗಿದ್ದರು. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು, ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದ ಲಾವಂಚದ ತಟ್ಟಿಯ ಮೂಲಕ ತಂಗಾಳಿ ಬರುವುದು, ಬೆವರು ಆರಿದಾಗ ಮೈ ತಂಪಾಗುವುದು, ಇವೆಲ್ಲವೂ ಗುಪ್ತೋಷ್ಣದ ಲೀಲೆಗಳು. ಹೂಜಿಯ ಮೈಯಿಂದ ಹೊರಸೂಸಿದ ಅಷ್ಟಿಷ್ಟು ನೀರು ತಾನು ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಕಸಿದುಕೊಳ್ಳುತ್ತದೆ. ಕೊಡುವವರಿಗೆ ತಂಪು, ಕಸಿದುಕೊಂಡವರಿಗೆ ಹಾರಾಟ!

ಹಾಗಾದರೆ ಬಿಸಿ ಬಿಲ್ಲೆಯನ್ನು ದ್ರವದಲ್ಲಿ ಮುಳುಗಿಸಿ ಕುದಿಸಿಬಿಟ್ಟರೆ ಸಾಲದೆ? ಸ್ವಲ್ಪಮಟ್ಟಿಗೆ ಸಾಕು. ಆದರೆ ದ್ರವವು ಆಳವಾಗಿದ್ದಾಗ ಬಿಲ್ಲೆಯ ಮೈಮೇಲೆ ಹುಟ್ಟಿದ ಆವಿಯ ಗುಳ್ಳೆಗಳು ಮೇಲೇಳುವ ದಾರಿಗಾಗಿ ಒಂದಕ್ಕೊಂದು ತಾಕಲಾಡುತ್ತವೆ. ಕೆಳಗಿಳಿಯಬೇಕಾದ ಹೊಸ ದ್ರವಕ್ಕೂ ಅವು ಅಡ್ಡಬರುತ್ತವೆ. ಜಾತ್ರೆಯ ದಿನ ಒಂದೇ ಬಾಗಿಲಿನ ಗುಡಿಯಲ್ಲಿ ಒಳಹೋಗುವವರೂ ಹೊರಬರುವವರೂ ನೂಕಾಡುವಂತೆ. ಈ ನೂಕುನುಗ್ಗಲನ್ನು ತಪ್ಪಿಸುವ ಉಪಾಯವೇ ತುಂತುರು ತಂಪು. ಒತ್ತಡದಲ್ಲಿರುವ ದ್ರವವನ್ನು ಕೂದಲೆಳೆಯಷ್ಟು ಅಥವಾ ಅದಕ್ಕಿಂತ ಸ್ವಲ್ಪ ದಪ್ಪನೆಯ ರಂಧ್ರವುಳ್ಳ ಚಿಮ್ಮುಮೂತಿಯ ಮೂಲಕ ಹಾಯಿಸಿದರೆ ಅದು ಒಡೆದು ನುಣ್ಣನೆಯ ಹನಿಗಳಾಗುತ್ತದೆ. ಸಹಸ್ರಾರು ಹನಿಗಳು ವೇಗವಾಗಿ ಬಂದು ಬಿಲ್ಲೆಗೆ ಬಡಿದು, ಚಪ್ಪಟೆಯಾಗಿ, ಒಂದರೊಡನೊಂದು ಬೆರೆತು ತೆಳುವಾದ ಪೊರೆಯಾಗುತ್ತವೆ. ಪೊರೆ ತೆಳುವಾದುದರಿಂದ ಆವಿಯು ತಡೆಯಿಲ್ಲದೆ ಹಾರಿಹೋಗುತ್ತದೆ. ಹಾರಿಹೋದ ಜಾಗಕ್ಕೆ ಹೊಸ ಹನಿ ಬಂದು ಬೀಳುತ್ತದೆ. ಬೀಳುವಾಗ ಅಲ್ಲಿ ಹುಟ್ಟುತ್ತಿದ್ದ ಗುಳ್ಳೆಯನ್ನು ಒಡೆದು, ಪೊರೆಯನ್ನು ಕಲಕಿ, ಹೊಸ ಗುಳ್ಳೆಗಳಿಗೆ ಬೀಜ ಬಿತ್ತುತ್ತದೆ. ಬಿಲ್ಲೆಯ ಎಲ್ಲ ಭಾಗಕ್ಕೂ ಒಂದೇ ಬಗೆಯ ತಂಪು ದೊರೆಯುತ್ತದೆ. ಪ್ರಯೋಗಶಾಲೆಗಳಲ್ಲಿ ನೀರಿನ ತುಂತುರಿನಿಂದ ಒಂದು ಚದರ ಸೆಂಟಿಮೀಟರಿಗೆ 1000 ವಾಟಿನಷ್ಟು ಶಾಖವನ್ನೂ ಹೊರತೆಗೆದು ತೋರಿಸಿದ್ದಾರೆ.

ಇಷ್ಟೊಂದು ಗುಣವುಳ್ಳ ನೀರನ್ನೇ ವಿದ್ಯುನ್ಮಾನ ಯಂತ್ರಗಳ ಮೇಲೆ ಚಿಮುಕಿಸಬಾರದೇಕೆ? ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಸಾಮಾನ್ಯವಾದ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ. ಬಿಲ್ಲೆಯ ತಂತಿಗಳ ಮೇಲೆ ಅದು ಬಿದ್ದರೆ ಯಂತ್ರವು ಕ್ಷಣಮಾತ್ರದಲ್ಲಿ ಕೆಟ್ಟುಹೋಗುತ್ತದೆ. ಎರಡನೆಯದು, ನೀರು ಕುದಿಯುವುದು ನೂರು ಡಿಗ್ರಿಯಲ್ಲಿ. ಅಷ್ಟು ಉಷ್ಣತೆಯನ್ನು ಬಿಲ್ಲೆ ತಾಳದು. ಆದುದರಿಂದ ವಿದ್ಯುತ್ತನ್ನು ಹರಿಯಗೊಡದ, ಕಡಿಮೆ ಉಷ್ಣತೆಯಲ್ಲೇ ಆವಿಯಾಗುವ ದ್ರವ ಬೇಕಾಯಿತು. ಮನೆಯ ಫ್ರಿಜ್ಜಿನೊಳಗೆ ಸುತ್ತುವ ಶೀತಕ ದ್ರವಗಳು ಇಂಥವು. ಫ್ರಿಜ್ಜನ್ನು ದುರಸ್ತಿ ಮಾಡುವವರು ಇದನ್ನೇ ‘ಗ್ಯಾಸು’ ಎಂದು ಕರೆಯುತ್ತಾರೆ.

ದ್ರವದ ಕುದಿಬಿಂದು ಅದರ ಮೇಲಿನ ಒತ್ತಡವನ್ನು ಅವಲಂಬಿಸಿದೆ. ಕಡಲ ತಡಿಯ ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಗಾಳಿಯ ಒತ್ತಡ ಕಡಿಮೆಯಿರುವುದರಿಂದ, ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಒತ್ತಡ ಹೆಚ್ಚಿರುವ ಪ್ರೆಷರ್ ಕುಕ್ಕರಿನಲ್ಲಿ ಅದು ನೂರನ್ನು ಮೀರುತ್ತದೆ. ಆರ್-134ಎ ಎಂಬ ಶೀತಕವು ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಅದನ್ನು ಮುಚ್ಚಿದ ಪಾತ್ರೆಯಲ್ಲಿ ತಕ್ಕ ಒತ್ತಡದಲ್ಲಿಟ್ಟರೆ ನಮಗೆ ಬೇಕಾದ ಉಷ್ಣತೆಯಲ್ಲಿ ಆವಿಯಾಗುವಂತೆ ಮಾಡಬಹುದು. ಬಿಲ್ಲೆಯಿಂದ ಎದ್ದ ಆವಿಯನ್ನು ಇನ್ನೊಂದು ಕೋಣೆಗೆ ಒಯ್ದು, ಅಲ್ಲಿ ಶಾಖವನ್ನು ಇಳಿಸಿ, ಮರಳಿ ದ್ರವವಾಗಿಸಿ, ಪುನಃ ಚಿಮ್ಮುಮೂತಿಗೆ ಕಳುಹಿಸುತ್ತಾರೆ. ಕಡಲಿನಿಂದ ಮುಗಿಲಿಗೆ, ಮುಗಿಲಿನಿಂದ ನೆಲಕ್ಕೆ, ನೆಲದಿಂದ ಕಡಲಿಗೆ ಸುತ್ತುವ ಮಳೆಯ ಚಕ್ರವು ಒಂದು ಪುಟ್ಟ ಪೆಟ್ಟಿಗೆಯೊಳಗೆ ಅಡಗಿದಂತೆ ಇದು.

ಆದರೆ ಒಂದು ಗುಣವನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಇಂಥ ಶೀತಕದ ಗುಪ್ತೋಷ್ಣವು ನೀರಿನ ಗುಪ್ತೋಷ್ಣದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ನೀರಿನ ಒಂದು ಹನಿ ಮಾಡುವ ಕೆಲಸಕ್ಕೆ ಇಲ್ಲಿ ಹತ್ತಕ್ಕೂ ಹೆಚ್ಚು ಹನಿ ಬೇಕು. ಆದುದರಿಂದಲೇ ಹನಿಯ ಗಾತ್ರ, ವೇಗ, ಚಿಮ್ಮುಮೂತಿಯ ದೂರ, ಬಿಲ್ಲೆಯ ಮೈಯ ಒರಟು, ಇವೆಲ್ಲವನ್ನೂ ಸೂಕ್ಷ್ಮವಾಗಿ ಅಭ್ಯಸಿಸಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಯಂತ್ರಶಾಸ್ತ್ರ ವಿಭಾಗದಲ್ಲಿಯೂ ಹನಿಗಳ ವರ್ತನೆಯನ್ನೂ ವಿದ್ಯುನ್ಮಾನ ಯಂತ್ರಗಳನ್ನು ತಣಿಸುವ ವಿಧಾನಗಳನ್ನೂ ಕುರಿತ ಸಂಶೋಧನೆ ನಡೆದಿದೆ. ಬೀಳುವ ಒಂದು ಹನಿಯನ್ನು ಸೆಕೆಂಡಿಗೆ ಸಾವಿರಾರು ಚಿತ್ರಗಳನ್ನು ತೆಗೆಯುವ ಕ್ಯಾಮರಾದಿಂದ ಹಿಡಿದು, ಅದು ಹೇಗೆ ಹರಡಿತು, ಹೇಗೆ ಚಿಮ್ಮಿತು, ಹೇಗೆ ಮಾಯವಾಯಿತು ಎಂದು ತಾಳ್ಮೆಯಿಂದ ನೋಡುವುದು ಇಂದಿನ ವಿಜ್ಞಾನಿಯ ತಪಸ್ಸು.

ತುಂತುರು ತಂಪಿನಲ್ಲಿ ಒಂದು ಅಪಾಯವೂ ಉಂಟು. ಕಾವಲಿಯು ವಿಪರೀತ ಕಾದಿರುವಾಗ ಒಂದು ತೊಟ್ಟು ನೀರು ಹಾಕಿದರೆ ಅದು ಚೊಂಯ್ಗುಟ್ಟಿ ಆರುವುದಿಲ್ಲ. ಮುತ್ತಿನಂತೆ ದುಂಡಾಗಿ ಅತ್ತಿತ್ತ ಓಡಾಡುತ್ತದೆ. ಹನಿಯ ತಳದಿಂದ ಎದ್ದ ಆವಿಯೇ ಅದಕ್ಕೆ ಹಾಸಿಗೆಯಾಗಿ, ಹನಿಯು ಕಾವಲಿಯನ್ನು ಮುಟ್ಟದಂತೆ ಎತ್ತಿಹಿಡಿಯುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಎಂಬಾತನು 1756ರಲ್ಲಿ ಇದನ್ನು ವಿವರಿಸಿ ಬರೆದನು. ನೋಡಲು ಚೆಂದವಾದ ಈ ಕುಣಿತವು ಯಂತ್ರದ ಪಾಲಿಗೆ ಮೃತ್ಯುನೃತ್ಯ. ಬಿಲ್ಲೆಯ ಶಾಖವು ಒಂದು ಮಿತಿಯನ್ನು ದಾಟಿದೊಡನೆ ಹನಿಗಳು ಮೈಯನ್ನು ತೋಯಿಸಲಾರವು. ಆವಿಯ ಹೊದಿಕೆ ಹರಡುತ್ತದೆ. ತಂಪು ನಿಂತುಹೋಗಿ ಉಷ್ಣತೆಯು ನೆಗೆದೇರುತ್ತದೆ. ಚಿಮ್ಮುಮೂತಿಯ ರಂಧ್ರದಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಸಾಕು, ಇದೇ ಗತಿ. ಎಷ್ಟು ಶಾಖವನ್ನು ಹೊರತೆಗೆಯಬಲ್ಲೆವು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅರಿಯುವುದೇ ಇಲ್ಲಿ ಮುಖ್ಯ.

ಶಾಖವನ್ನು ಗೆಲ್ಲುವ ಈ ಹೋರಾಟಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಮಾರಿಸ್ ಟ್ರ್ಯಾವರ್ಸ್ ಅವರು ಇಲ್ಲಿಗೆ ಬರುವ ಮೊದಲೇ, 1898ರಲ್ಲಿ, ವಿಲಿಯಂ ರಾಮ್ಸೆ ಅವರೊಡನೆ ದ್ರವೀಕರಿಸಿದ ಗಾಳಿಯನ್ನು ಮೆಲ್ಲಮೆಲ್ಲನೆ ಆವಿಯಾಗಿಸಿ ಕ್ರಿಪ್ಟಾನ್, ನಿಯಾನ್ ಮತ್ತು ಕ್ಸೆನಾನ್ ಎಂಬ ಅನಿಲಗಳನ್ನು ಕಂಡುಹಿಡಿದಿದ್ದರು. ದ್ರವವು ಆವಿಯಾಗುವ ಬಗೆಯನ್ನು ಬಲ್ಲ ವಿಜ್ಞಾನಿಯೇ ಈ ವಿದ್ಯಾಮಂದಿರಕ್ಕೆ ಬುನಾದಿ ಹಾಕಿದರೆಂಬುದು ಸ್ಮರಣೀಯ.

ಗಣಕಯಂತ್ರಗಳ ಇತಿಹಾಸವನ್ನು ತಂಪಿನ ಇತಿಹಾಸವೆಂದೇ ಹೇಳಬಹುದು. 1976ರಲ್ಲಿ ಅಮೆರಿಕದ ಸೆಯ್ಮೂರ್ ಕ್ರೇ ಅವರು ನಿರ್ಮಿಸಿದ ಕ್ರೇ-1 ಎಂಬ ಮಹಾಗಣಕವು ಸುಮಾರು 115 ಕಿಲೋವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ನೂರಕ್ಕೂ ಹೆಚ್ಚು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕಡೆ ಕಾಯಿಸಿದಷ್ಟು ಶಾಖ ಅದರಿಂದ ಹೊರಡುತ್ತಿತ್ತು. ಅದನ್ನು ತಣಿಸಲು ಫ್ರಿಯಾನ್ ಎಂಬ ಶೀತಕವನ್ನು ಕೊಳವೆಗಳಲ್ಲಿ ಹರಿಸಲಾಗಿತ್ತು. 1985ರ ಕ್ರೇ-2 ಯಂತ್ರದಲ್ಲಿ ವಿದ್ಯುನ್ಮಂಡಲಗಳನ್ನೇ ವಿದ್ಯುತ್ತನ್ನು ಹರಿಯಗೊಡದ ದ್ರವದಲ್ಲಿ ಮುಳುಗಿಸಿಟ್ಟರು. 2002ರಲ್ಲಿ ಪ್ರಕಟವಾದ ಕ್ರೇ ಎಕ್ಸ್-1 ಯಂತ್ರದಲ್ಲಿ ಅಂಥ ದ್ರವವನ್ನು ಬಿಲ್ಲೆಗಳ ಮೇಲೆ ತುಂತುರಾಗಿ ಚಿಮ್ಮಿಸಿ ಆವಿಯಾಗಿಸುವ ವಿಧಾನವು ಬಳಕೆಗೆ ಬಂದಿತು. ಬಾಹ್ಯಾಕಾಶದಲ್ಲಿಯೂ ತುಂತುರು ತನ್ನ ಸೇವೆಯನ್ನು ಸಲ್ಲಿಸಿದೆ. 1981ರಿಂದ 2011ರವರೆಗೆ ಹಾರಾಡಿದ ಅಮೆರಿಕದ ಸ್ಪೇಸ್ ಷಟಲ್ ನೌಕೆಗಳಲ್ಲಿ, ಯಂತ್ರಗಳ ಶಾಖವನ್ನು ಹೊತ್ತುತಂದ ಶೀತಕದ ಕೊಳವೆಗಳ ಗೋಡೆಗೆ ನೀರನ್ನು ಚಿಮುಕಿಸಿ, ಎದ್ದ ಆವಿಯನ್ನು ಶೂನ್ಯಾಕಾಶಕ್ಕೆ ಬಿಡುವ ಏರ್ಪಾಡಿತ್ತು. ತೂಕವಿಲ್ಲದ ಆ ಲೋಕದಲ್ಲಿ ಮೇಲೆ ಕೆಳಗೆ ಎಂಬುದಿಲ್ಲ. ಆವಿಯ ಗುಳ್ಳೆ ತಾನಾಗಿ ಮೇಲೇಳದು. ಆದರೆ ಚಿಮ್ಮಿದ ಹನಿಗೆ ತನ್ನದೇ ವೇಗವಿರುವುದರಿಂದ ಅದು ಗುರಿಯನ್ನು ಮುಟ್ಟುತ್ತದೆ.

ಇಂಥ ಮಹಾಗಣಕವೊಂದು ತಮಗೂ ಬೇಕೆಂಬ ಅಭಿಲಾಷೆ 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳಿಗೂ ಇತ್ತು. ಆಗ ಅಮೆರಿಕವು ಅವನ್ನು ಸುಲಭವಾಗಿ ಪರದೇಶಗಳಿಗೆ ಕೊಡುತ್ತಿರಲಿಲ್ಲ. ಯುದ್ಧಕಾರ್ಯಕ್ಕೆ ಬಳಕೆಯಾದೀತೆಂಬ ಶಂಕೆ ಅದಕ್ಕೆ. ಆ ದಶಕದ ಕೊನೆಯಲ್ಲಿ ದೆಹಲಿಯ ಹವಾಮಾನ ಮುನ್ಸೂಚನೆಯ ಕೇಂದ್ರಕ್ಕೆ ಮಾತ್ರ, ಹಲವು ಕಟ್ಟುಪಾಡುಗಳೊಡನೆ, ಕ್ರೇ ಯಂತ್ರವೊಂದು ದೊರೆಯಿತು. ಬೆಂಗಳೂರಿಗೆ ದೊರೆಯಲಿಲ್ಲ. ನಮ್ಮವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಹಲವು ಸಣ್ಣ ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ‘ಫ್ಲೋಸಾಲ್ವರ್’ ಎಂಬ ಗಣಕವು 1986ರಲ್ಲಿ ಸಿದ್ಧವಾಯಿತು. ಒಂದು ದೊಡ್ಡ ಬಂಡೆಯನ್ನು ಒಬ್ಬ ಜಟ್ಟಿ ಎತ್ತಲಾರದಿದ್ದರೆ ಹತ್ತು ಜನ ಸೇರಿ ಎತ್ತುವ ಉಪಾಯವದು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿ, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಗಣಕವನ್ನು ದೇಶಕ್ಕೆ ನೀಡಿತು.

ಕಾಲಚಕ್ರ ಉರುಳಿತು. ಒಂದು ಕಾಲಕ್ಕೆ ದೊರೆಯದಿದ್ದ ಕ್ರೇ ಹೆಸರಿನ ಯಂತ್ರವೇ 2015ರಲ್ಲಿ ‘ಸಹಸ್ರಟಿ’ ಎಂಬ ಹೆಸರಿನಿಂದ ವಿಜ್ಞಾನ ಸಂಸ್ಥೆಗೆ ಬಂದಿತು. 2022ರಲ್ಲಿ ಸಿ-ಡ್ಯಾಕ್ ಸಂಸ್ಥೆಯು ಅಲ್ಲಿಯೇ ‘ಪರಮ್ ಪ್ರವೇಗ’ ಎಂಬ ಮಹಾಗಣಕವನ್ನು ಸ್ಥಾಪಿಸಿತು. ಅದರ ಪರಮಾವಧಿ ಸಾಮರ್ಥ್ಯ 3.3 ಪೆಟಾಫ್ಲಾಪ್, ಎಂದರೆ ಒಂದು ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕಗಳು. ಇಂಥ ಯಂತ್ರಗಳನ್ನು ಬರಿಯ ಗಾಳಿಯಿಂದ ತಣಿಸುವ ಕಾಲ ಮುಗಿಯಿತು. ಬಿಲ್ಲೆಗಳ ಬಳಿಗೇ ದ್ರವವನ್ನು ಹರಿಸಿ ತಣಿಸುವ ವಿಧಾನವು ಈಗ ರೂಢಿಗೆ ಬಂದಿದೆ. ತುಂತುರು ತಂಪು ಇನ್ನೂ ಎಲ್ಲೆಡೆ ಹರಡಿಲ್ಲ. ಅದು ಕಟ್ಟಲು ಕಷ್ಟವಾದ, ಕಾಪಾಡಲು ಎಚ್ಚರ ಬೇಡುವ ವಿಧಾನ. ಆದರೆ ಬಿಲ್ಲೆಗಳ ಶಾಖ ಏರುತ್ತ ಹೋದಂತೆ ಅದರತ್ತ ಮತ್ತೆ ಮತ್ತೆ ತಂತ್ರಜ್ಞರ ದೃಷ್ಟಿ ಹರಿಯುತ್ತಿದೆ.

ಇಲ್ಲಿ ಯೋಚಿಸಬೇಕಾದ ಇನ್ನೊಂದು ಸಂಗತಿಯಿದೆ. 1928ರಲ್ಲಿ ಅಮೆರಿಕದ ತಾಮಸ್ ಮಿಜ್ಲಿ ಮತ್ತು ಅವರ ಸಂಗಡಿಗರು ಫ್ರಿಯಾನ್ ಜಾತಿಯ ಶೀತಕವನ್ನು ರೂಪಿಸಿದಾಗ ಜಗತ್ತು ಹರ್ಷಪಟ್ಟಿತು. ಅದಕ್ಕೆ ಬೆಂಕಿ ಹತ್ತದು, ಅದರಲ್ಲಿ ವಿಷವಿಲ್ಲ, ವಾಸನೆಯಿಲ್ಲ. ಹಿಂದಿನ ಶೀತಕಗಳು ಸೋರಿ ಜನರ ಪ್ರಾಣವನ್ನೇ ತೆಗೆದಿದ್ದುಂಟು; ಆದುದರಿಂದ ಹೊಸದನ್ನು ವರವೆಂದೇ ಎಲ್ಲರೂ ತಿಳಿದರು. ಆದರೆ 1974ರಲ್ಲಿ ಮೋಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಈ ವಸ್ತುಗಳು ಮೇಲಿನ ವಾಯುಮಂಡಲಕ್ಕೆ ಏರಿ, ಸೂರ್ಯನ ಕ್ರೂರ ಕಿರಣಗಳಿಂದ ನಮ್ಮನ್ನು ಕಾಯುವ ಓಜೋನ್ ಪದರವನ್ನು ಕೆಡಿಸಬಲ್ಲವೆಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಆ ಪದರ ತೀರ ತೆಳುವಾಗುತ್ತಿರುವ ಸಂಗತಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಗಿ, ಅಂಥ ಶೀತಕಗಳ ತಯಾರಿಕೆಯನ್ನು ಹಂತಹಂತವಾಗಿ ನಿಲ್ಲಿಸಲು ರಾಷ್ಟ್ರಗಳು ಸಮ್ಮತಿಸಿದವು. 1992ರಲ್ಲಿ ಭಾರತವೂ ಅದರಲ್ಲಿ ಸೇರಿತು.

ಫ್ರಿಯಾನಿನ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದು. ಆದರೆ ಅದು ಗಾಳಿಗೆ ಸೋರಿದರೆ ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಾಲು ಭೂಮಿಯನ್ನು ಬೆಚ್ಚಗಾಗಿಸುತ್ತದೆ. ಬಿಲ್ಲೆಯನ್ನು ತಣಿಸಲು ಹೋಗಿ ಭೂಮಿಯನ್ನು ಕಾಯಿಸಿದಂತಾಗಬಾರದಲ್ಲವೆ? 2016ರಲ್ಲಿ ಕಿಗಾಲಿ ನಗರದಲ್ಲಿ ಇವುಗಳ ಬಳಕೆಯನ್ನೂ ಕ್ರಮೇಣ ಇಳಿಸಬೇಕೆಂಬ ತಿದ್ದುಪಡಿಗೆ ದೇಶಗಳು ಒಪ್ಪಿದವು. 2021ರಲ್ಲಿ ಭಾರತವು ಅದನ್ನು ಅಂಗೀಕರಿಸಿತು. ಇದೀಗ ಗಾಳಿಯಲ್ಲಿ ಬೇಗನೆ ಕರಗಿಹೋಗುವ ಹೊಸ ಶೀತಕಗಳನ್ನು ಹುಡುಕುತ್ತಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಅಲ್ಪಸ್ವಲ್ಪ ಬೆಂಕಿ ಹತ್ತುವ ಸ್ವಭಾವವಿದೆ. ಎಲ್ಲ ಗುಣಗಳೂ ಒಂದೆಡೆ ನೆಲಸಿದ ದ್ರವವು ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಒಂದು ಹನಿಯೂ ಹೊರಗೆ ಸೋರದಂತೆ ಪೆಟ್ಟಿಗೆಯನ್ನು ಕಟ್ಟುವುದು ತಂತ್ರಜ್ಞನ ಧರ್ಮ.

ಯಂತ್ರದಿಂದ ಹೊರದೂಡಿದ ಶಾಖವಾದರೂ ಎಲ್ಲಿಗೆ ಹೋಗುತ್ತದೆ? ಅದು ಮಾಯವಾಗುವುದಿಲ್ಲ, ಕಟ್ಟಡದ ಹೊರಗಿನ ಗಾಳಿಯನ್ನು ಸೇರುತ್ತದೆ. ಅದನ್ನು ಹೊರದೂಡಲು ಮತ್ತೆ ವಿದ್ಯುತ್ತು ಬೇಕು. ಹಲವೆಡೆ ತಂಪುಗೋಪುರಗಳಲ್ಲಿ ಆವಿಯಾಗಿಸಲು ನೀರೂ ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನರು ಬಿಂದಿಗೆಗಳನ್ನು ಹಿಡಿದು ಟ್ಯಾಂಕರಿಗಾಗಿ ಕಾದುನಿಂತದ್ದನ್ನು ನೆನೆದರೆ, ಯಂತ್ರಗಳ ಬಾಯಾರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಮನದಟ್ಟಾಗುತ್ತದೆ. ಅಲ್ಪ ದ್ರವದಿಂದ ಹೆಚ್ಚು ಶಾಖವನ್ನು ಎತ್ತುವ, ಬಳಸಿದ ದ್ರವವನ್ನೇ ಮತ್ತೆ ಮತ್ತೆ ಬಳಸುವ ವಿಧಾನಗಳಿಗೆ ಬೆಲೆ ಬರುವುದು ಇಲ್ಲಿಯೇ.

ಸಂಜಯನಗರದ ಬಾಣಸಿಗನು ಗುಪ್ತೋಷ್ಣದ ಹೆಸರನ್ನು ಕೇಳಿರಲಾರನು. ಆದರೂ ಎಷ್ಟು ನೀರು ಎರಚಬೇಕು, ಯಾವಾಗ ಎರಚಬೇಕು, ಯಾವಾಗ ಸಾಕು ಮಾಡಬೇಕು ಎಂಬುದು ಅವನ ಕೈಗೆ ಗೊತ್ತು. ಹೆಚ್ಚಾದರೆ ಕಾವಲಿ ತಣ್ಣಗಾಗಿ ದೋಸೆ ಏಳದು, ಕಡಿಮೆಯಾದರೆ ಸೀದುಹೋದೀತು. ಆ ಹದವನ್ನು ಅಳತೆಗೆ ತಂದು, ಅದರ ಕಾರಣವನ್ನು ಅರಿತು, ಉಗುರಿನಗಲದ ಬಿಲ್ಲೆಯ ಮೇಲೆ ಅದನ್ನೇ ಸಾಧಿಸುವುದು ವಿಜ್ಞಾನದ ಕೆಲಸ. ಬೆಳಗಿನ ದೋಸೆಯ ಕಾವಲಿಗೂ ವಿಜ್ಞಾನ ಸಂಸ್ಥೆಯ ಮಹಾಗಣಕಕ್ಕೂ ನಡುವಿನ ದಾರಿ ಬಹಳ ದೂರದ್ದಲ್ಲ. ಕಣ್ತೆರೆದು ನೋಡಿ, ‘ಇದು ಹೀಗೇಕೆ?’ ಎಂದು ಕೇಳುವವರಿಗೆ ಆ ದಾರಿ ಕಾಣುತ್ತದೆ.

ಅಭ್ಯಾಸ

1. ಬಾಣಸಿಗನು ಕಾದ ಕಾವಲಿಯ ಮೇಲೆ ನೀರೆರಚುವುದೇಕೆ? ಆಗ ನಡೆಯುವ ಕ್ರಿಯೆಯನ್ನು ವಿವರಿಸಿರಿ.
2. ಗುಪ್ತೋಷ್ಣವೆಂದರೇನು? ದಿನನಿತ್ಯದ ಬದುಕಿನಿಂದ ಮೂರು ನಿದರ್ಶನಗಳನ್ನು ಕೊಡಿರಿ.
3. ದ್ರವದಲ್ಲಿ ಮುಳುಗಿಸಿ ತಣಿಸುವುದಕ್ಕಿಂತ ತುಂತುರಿನಿಂದ ತಣಿಸುವುದು ಹೇಗೆ ಮೇಲು?
4. ವಿದ್ಯುನ್ಮಾನ ಬಿಲ್ಲೆಗಳ ಮೇಲೆ ನೀರಿನ ಬದಲು ಶೀತಕ ದ್ರವವನ್ನು ಚಿಮ್ಮಿಸಲು ಕಾರಣಗಳೇನು? ಅದರಿಂದ ಕಳೆದುಕೊಳ್ಳುವುದೇನು?
5. ‘ಬಿಲ್ಲೆಯನ್ನು ತಣಿಸಲು ಹೋಗಿ ಭೂಮಿಯನ್ನು ಕಾಯಿಸಿದಂತಾಗಬಾರದು’ – ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.
6. ಮಾಡಿ ನೋಡಿರಿ: ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ, ಎರಡನ್ನೂ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿರಿ. ಸ್ವಲ್ಪ ಹೊತ್ತಿನ ಮೇಲೆ ಅವು ತೋರಿಸುವ ಉಷ್ಣತೆಗಳನ್ನು ಹೋಲಿಸಿ, ವ್ಯತ್ಯಾಸಕ್ಕೆ ಕಾರಣವನ್ನು ಬರೆಯಿರಿ.